ಕೆಸರಿನ ಕೈ

ಇಸ್ತ್ರಿಗೆ ಕೆಸರು ಕಂಡರೆ ಆಗುವುದಿಲ್ಲ. ಸುರಂಗ ಕಟ್ಟಿಸುವವನಿಗೆ ಕೆಸರು ಕಂಡರೆ ಆಗುವುದಿಲ್ಲ ಅಂದರೆ ಅಡುಗೆಯವನಿಗೆ ಒಲೆ ಕಂಡರೆ ಆಗುವುದಿಲ್ಲ ಅಂದ ಹಾಗಾಯಿತು. ಆದರೂ ದೊಡ್ಡ ಕುರ್ಚಿ ಅವನಿಗೇ.

ಇಸ್ತ್ರಿ ಅನ್ನುವುದು ನಾವಿಟ್ಟ ಹೆಸರು. ಸುರಂಗದ ಈ ಭಾಗಕ್ಕೆಲ್ಲ ಅವನೇ ಮ್ಯಾನೇಜರು. ನೆಲದ ಕೆಳಗೆ ಬೆವರು, ಗ್ರೀಸು, ಡೀಸೆಲ್ ಹೊಗೆ ಮೆತ್ತಿಕೊಂಡು ನಮ್ಮ ಮೈಬಣ್ಣ ಯಾವುದೆಂದು ನಮಗೇ ಮರೆತುಹೋಗಿರುವಾಗ ಅವನು ಲಿಫ್ಟಿನಿಂದ ಇಳಿಯುತ್ತಾನೆ. ಅಂಗಿಯ ತೋಳಿನ ಮಡಿಕೆಯಲ್ಲಿ ತರಕಾರಿ ಹೆಚ್ಚಬಹುದು. ಬೂಟಿನಲ್ಲಿ ಮುಖ ನೋಡಿಕೊಳ್ಳಬಹುದು. ಅವನು ನಡೆಯುವುದೂ ಹಾಗೇ. ಹಲಗೆಯಿಂದ ಹಲಗೆಗೆ ಕಾಲಿಡುತ್ತಾನೆ. ಮುಂದೆ ಒಬ್ಬ ಹಲಗೆ ಹಾಸುತ್ತ ಹೋಗಬೇಕು. ಹಾಸುವವನ ಕಾಲು ಕೆಸರಿನಲ್ಲಿದ್ದರೆ ಅದಕ್ಕೆ ಯಾರ ತಕರಾರೂ ಇಲ್ಲ.

ನಾನು ನೀರು ಹಿಡಿಯುವವಳು. ಕಾಂಕ್ರೀಟು ಕತ್ತರಿಸುವ ಗ್ಯಾಂಗಿನಲ್ಲಿ ನನ್ನ ಕೆಲಸ ಅದು. ಗೋಡೆಯಲ್ಲಿ ಬಾಗಿಲು ಬೇಕೆಂದರೆ, ತಪ್ಪಾಗಿ ಕಟ್ಟಿದ ಕಂಬ ತೆಗೆಯಬೇಕೆಂದರೆ ನಮ್ಮನ್ನು ಕರೆಯುತ್ತಾರೆ. ಗರಗಸದವನು ಯಂತ್ರವನ್ನು ಎದೆಗೆ ಒತ್ತಿ ಹಿಡಿದು ಗೋಡೆಗೆ ಕೊಡುತ್ತಾನೆ. ಬ್ಲೇಡಿನ ಅಂಚಿಗೆ ವಜ್ರದ ಹುಡಿ ಹಾಕಿರುತ್ತಾರೆ. ನಮ್ಮ ವಂಶದಲ್ಲಿ ವಜ್ರ ಮುಟ್ಟಿದವರಿದ್ದರೆ ನಾವೇ. ಬ್ಲೇಡು ತಿರುಗುವಷ್ಟು ಹೊತ್ತೂ ಅದರ ಮೇಲೆ ನೀರು ಬೀಳುತ್ತಿರಬೇಕು. ನೀರು ಬ್ಲೇಡನ್ನು ತಣ್ಣಗಿಡುತ್ತದೆ, ದೂಳನ್ನು ನುಂಗುತ್ತದೆ. ನುಂಗಿದ್ದು ಬೂದು ಬಣ್ಣದ ಕೆಸರಾಗಿ ಗೋಡೆಯ ಮೇಲೆ ಇಳಿಯುತ್ತದೆ. ಅದನ್ನು ಗೋರಿ, ಎಳೆದು, ಡ್ರಮ್ಮಿಗೆ ತುಂಬುವವಳೂ ನಾನೇ. ಸಿಮೆಂಟಿನ ಕೆಸರು ಚರ್ಮ ತಿನ್ನುತ್ತದೆ. ನನ್ನ ಬೆರಳ ಸಂದಿಗಳಲ್ಲಿ ಚರ್ಮ ಬಂದು ಕೂರುವಷ್ಟರಲ್ಲಿ ಮತ್ತೆ ಹೋಗಿರುತ್ತದೆ. ಅನ್ನ ಕಲಸಿದರೆ ಉರಿ. ಕಂಪನಿ ಕೊಟ್ಟ ಕೈಗವಸು ಹರಿದಿದೆ ಎಂದು ಹೇಳಿದ್ದಕ್ಕೆ, ಹರಿದಿರುವುದು ಎಡಗೈಯದ್ದಲ್ಲವೇ, ಬಲಗೈಯಲ್ಲಿ ಕೆಲಸ ಮಾಡು ಎಂದಿದ್ದ ನಮ್ಮ ಮೇಸ್ತ್ರಿ.

ಈ ಮೇಸ್ತ್ರಿಗೂ ಹೆಸರಿಟ್ಟಿದ್ದೇವೆ. ಕೋಲೆಬಸವ. ಇಸ್ತ್ರಿ ಬಾಯಿ ತೆರೆಯುವ ಮೊದಲೇ ಇವನ ತಲೆ ಆಡಿರುತ್ತದೆ.

ನಮ್ಮ ಗ್ಯಾಂಗಿನ ಗರಗಸ ಮೊದಲು ನನ್ನ ಗಂಡನ ಎದೆಯ ಮೇಲಿತ್ತು. ಈಗ ಮೈದುನನ ಎದೆಯ ಮೇಲಿದೆ. ನನ್ನ ಗಂಡ ಕಂಪನಿಯ ಲೈನಿನ ರೂಮಿನಲ್ಲಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಾರೆ. ಮಲಗುವುದಕ್ಕೂ ಕೂತೇ ಇರಬೇಕು. ಅಡ್ಡಾದರೆ ಉಸಿರು ಕಟ್ಟುತ್ತದೆ. ಒಂದು ಕಾಲದಲ್ಲಿ ಗರಗಸವನ್ನು ತಲೆಯ ಮೇಲೆತ್ತಿ ಚಾವಣಿ ಕತ್ತರಿಸಿದ ತೋಳುಗಳು. ಈಗ ಆ ತೋಳುಗಳು ಬಾಚಣಿಗೆ ಎತ್ತಿದರೆ ನಡುವೆ ಒಮ್ಮೆ ಇಳಿಸಿ ದಣಿವಾರಿಸಿಕೊಳ್ಳುತ್ತವೆ. "ಚಹಾ" ಎಂದು ಹೇಳಿ, ಉಸಿರು ತೆಗೆದುಕೊಂಡು, ಆಮೇಲೆ "ಕೊಡು" ಅನ್ನುತ್ತಾರೆ. ಅಷ್ಟರಲ್ಲಿ ನಾನು ಚಹಾ ತಂದಿರುತ್ತೇನೆ. ಅದಕ್ಕೆ ಅವರಿಗೆ ಸಿಟ್ಟು. ಹೇಳಿ ಮುಗಿಸೋದಕ್ಕೂ ಬಿಡಲ್ಲ ನೀನು ಎಂಬ ಮುಖ.

ಕಂಪನಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದ. "ಸಿಗರೇಟು ಸೇದ್ತೀಯಾ?"

"ಇಲ್ಲ," ಎಂದರು ಇವರು.

"ಮೊದ್ಲು ಸೇದ್ತಿದ್ಯಾ?"

"ಯಾವತ್ತೂ ಇಲ್ಲ."

"ಹಾಗಾದ್ರೆ ಯಾರೋ ಪಕ್ಕದಲ್ಲಿ ಸೇದಿರ್ಬೇಕು," ಎಂದು ಬರೆದೇಬಿಟ್ಟ ಪುಣ್ಯಾತ್ಮ. ಒಂದು ಜನ್ಮವೆಲ್ಲ ಕಾಂಕ್ರೀಟಿನ ದೂಳು ಕುಡಿದವನ ಎದೆಯಲ್ಲಿ ಅವನಿಗೆ ಕೇಳಿಸಿದ್ದು ಇನ್ಯಾರದೋ ಸಿಗರೇಟು. ಇದನ್ನು ಕಂಡುಹಿಡಿಯಲು ಎಷ್ಟು ವರ್ಷ ಓದಿದ್ದನೋ.

ಸಿಗರೇಟಲ್ಲ, "ಇದೊಂದ್ಸಲ". ಅದು ನನ್ನ ಗಂಡನನ್ನು ತಿಂದಿತು. ಕೆಳಗಡೆ ಅಂಗಡಿ ಇದೆ, ನೀರು ಸೋರುತ್ತೆ, ಇದೊಂದ್ಸಲ ಒಣಗೇ ಕತ್ತರಿಸಿಬಿಡು. ಪಕ್ಕದಲ್ಲಿ ಬಣ್ಣ ಬಳಿದಿದ್ದಾರೆ, ಇದೊಂದ್ಸಲ. ನೀರಿನ ಪಂಪು ರಿಪೇರಿಯಲ್ಲಿದೆ, ಇದೊಂದ್ಸಲ. ಇವರು ಮುಖಕ್ಕೆ ಟವಲು ಸುತ್ತಿಕೊಂಡು ಹೂಂ ಅಂದರು. ನನ್ನ ಗಂಡನಿಗೆ ಎಲ್ಲ ಬರುತ್ತಿತ್ತು, ಇಲ್ಲ ಅನ್ನಲು ಬರುತ್ತಿರಲಿಲ್ಲ. ಅವರ ತಮ್ಮನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವನು.

ಕೆಸರಿನ ಕೈ ಮಾತ್ರ ನನ್ನ ಗಂಡನದೇ ಕಟ್ಟಳೆ. ಅದನ್ನು ಇಲ್ಲಿ ಹೇಳಿಬಿಡಬೇಕು. ಗರಗಸ ಓಡುವಾಗ ಸುರಂಗದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಹಿಂದೆ ಇನ್ನೊಂದು ಕಡೆ ಇವರು ಕತ್ತರಿಸುತ್ತಿದ್ದ ಗೋಡೆಯ ಆಚೆ ಬದಿಯಲ್ಲಿ ಒಬ್ಬ ವೈರಿಂಗಿನವನು ಒರಗಿ ಕೂತಿದ್ದ. ನೋಡಿದವರು ಕೂಗಿದರು, ಇವರಿಗೆ ಕೇಳಲಿಲ್ಲ. ಬ್ಲೇಡು ಗೋಡೆ ದಾಟಿತು. ಆ ಮನುಷ್ಯ ಬದುಕಲಿಲ್ಲ. ಅದಾದ ಮೇಲೆ ಇವರೊಂದು ಮಾತು ಮಾಡಿದರು. ಅಪಾಯ ಕಂಡವರು ಯಾರೇ ಆಗಲಿ, ಕಸ ಗುಡಿಸುವವರೇ ಆಗಲಿ, ಕೂಗಬಾರದು, ಓಡಬಾರದು. ಡ್ರಮ್ಮಿನ ಕೆಸರಿಗೆ ಕೈ ಅದ್ದಿ ಗೋಡೆಯ ಮೇಲೆ, ಬ್ಲೇಡು ಹೋಗಬೇಕಾದ ಗೆರೆಯ ಮೇಲೆ, ಒತ್ತಿಬಿಡಬೇಕು. ಆ ಕೈ ಗೋಡೆಯ ಮೇಲಿರುವವರೆಗೆ ಯಾವ ಗರಗಸವೂ ಓಡಕೂಡದು. ಒತ್ತಿದವರೇ ತಮ್ಮ ಕೈಯಿಂದ ಒರೆಸಬೇಕು. ಬೇರೆಯವರು ಒರೆಸಿದರೆ ಅದು ಒರೆಸಿದ ಲೆಕ್ಕವಲ್ಲ. ಯಾಕೆಂದರೆ ಒತ್ತಿದವನಿಗಷ್ಟೇ ಗೊತ್ತು ಅವನು ಕಂಡದ್ದೇನು ಎಂದು.

ಇವರ ಕೈಕೆಳಗೆ ಕೆಲಸ ಕಲಿತವರು ಬೇರೆ ಬೇರೆ ಗ್ಯಾಂಗಿಗೆ ಹೋದರು, ಕೆಸರಿನ ಕೈಯನ್ನೂ ಕೊಂಡುಹೋದರು. ಒಮ್ಮೆ ಒಬ್ಬ ಸೋಮಾರಿ ಉಚ್ಚೆಗೆ ಹೋಗಲೆಂದು ಕೈ ಒತ್ತಿ ಹೋಗಿದ್ದ. ವಿಷಯ ಗೊತ್ತಾದಾಗ ಇವರು ಬೈಯಲಿಲ್ಲ. ಅವನೊಬ್ಬನ ಕೈಯಲ್ಲೇ ಎಲ್ಲ ಡ್ರಮ್ಮು ಹೊರಿಸಿದರು. ಆಮೇಲೆ ಯಾರೂ ಸುಳ್ಳು ಕೈ ಒತ್ತಲಿಲ್ಲ. ಕಂಪನಿಯವರು ಮಾರಿಗೊಂದು ಸುರಕ್ಷತೆಯ ಬೋರ್ಡು ಹಾಕಿದ್ದಾರೆ. ಹೊಳೆಯುವ ಅಕ್ಷರ, ಟೋಪಿ ಹಾಕಿಕೊಂಡು ನಗುವ ಮನುಷ್ಯನ ಚಿತ್ರ. ಅದಕ್ಕೆ ನಾವು ಊಟದ ಚೀಲ ನೇತುಹಾಕುತ್ತೇವೆ.

ಇನ್ನು ಆವತ್ತಿನದು.

ನಮ್ಮಲ್ಲಿ ಎರಡು ಸುರಂಗ ಅಕ್ಕಪಕ್ಕ ಇವೆ. ನಡುವೆ ಒಂದು ಅಡ್ಡದಾರಿ. ಅಡ್ಡದಾರಿಯ ಕೊನೆಗೆ ಒಂದು ಗೋಡೆ. ಆ ಗೋಡೆಯಲ್ಲಿ ಬಾಗಿಲು ತೆರೆಯಬೇಕು. ಮಾರನೆಯ ದಿನ ಮೇಲಿನಿಂದ ಅತಿಥಿಗಳು ಬರುವವರಿದ್ದರು. ಈ ಸುರಂಗದಲ್ಲಿ ಇಳಿದು, ಆ ಬಾಗಿಲು ದಾಟಿ, ಆ ಸುರಂಗಕ್ಕೆ ಹೋಗಿ, ಚಪ್ಪಾಳೆ ತಟ್ಟಿ, ಫೋಟೋ ಹೊಡೆಸಿಕೊಂಡು ಹತ್ತಿಹೋಗುವುದು. ಅವರ ಕಾಲಿಗೆಂದು ಅಡ್ಡದಾರಿಯ ಉದ್ದಕ್ಕೂ ಬಿಳಿ ಕಲ್ಲು ಹಾಸಿ ಪಾಲಿಶ್ ಮಾಡಿಸಿದ್ದ ಇಸ್ತ್ರಿ. ಬಾಗಿಲು ಕೊರೆಯುವ ಮೊದಲೇ ನೆಲ ಹೊಳೆಸಿದ್ದ. ಮಗುವಿಗೆ ಬಟ್ಟೆ ಹಾಕಿ ಆಮೇಲೆ ಸ್ನಾನ ಮಾಡಿಸುವ ಬುದ್ಧಿವಂತರು ಇವರು.

ಬೆಳಿಗ್ಗೆ ಹೋದರೆ ಗೋಡೆಯ ಮುಂದೆ ದಪ್ಪ ಪ್ಲಾಸ್ಟಿಕ್ಕಿನ ಪರದೆ ಕಟ್ಟಿದ್ದರು. ಮೇಲೆ, ಕೆಳಗೆ, ಪಕ್ಕದಲ್ಲಿ ಟೇಪು ಅಂಟಿಸಿ ಒಂದು ಡೇರೆ ಮಾಡಿದ್ದರು. ನನ್ನ ನೀರಿನ ವಾಲ್ವಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಬೀಗದ ಕೈ ಕೋಲೆಬಸವನ ಸೊಂಟದಲ್ಲಿ.

"ಈ ಕಲ್ಲಿನ ಮೇಲೆ ಒಂದು ಹನಿ ಕೆಸರು ಬೀಳಬಾರ್ದು," ಎಂದ ಇಸ್ತ್ರಿ. "ಒಣ ಬ್ಲೇಡು ತರಿಸಿದೀನಿ. ನೀರು ಬೇಡ. ಸಂಜೆ ಒಳಗೆ ಬಾಗಿಲು ಆಗ್ಬೇಕು."

ಮೈದುನ ತಲೆ ಕೆರೆದುಕೊಂಡ. "ಸಾರ್, ದೂಳು ಜಾಸ್ತಿ ಬರುತ್ತೆ."

"ಅದಕ್ಕೇ ಅಲ್ವಾ ಪ್ಲಾಸ್ಟಿಕ್ ಕಟ್ಟಿಸಿರೋದು. ದೂಳು ಹೊರಗೆ ಬರಲ್ಲ."

"ನಾವು ಒಳಗಿರ್ತೀವಲ್ಲ ಸಾರ್," ಎಂದೆ ನಾನು.

ಬಕೆಟ್ಟು ಮಾತಾಡಿತೇನೋ ಎನ್ನುವಂತೆ ನನ್ನ ಕಡೆ ನೋಡಿದ. ಆಮೇಲೆ ಕೋಲೆಬಸವನ ಕಡೆ ತಿರುಗಿದ. ನನಗೆ ಹೇಳಬೇಕಾದ್ದನ್ನು ಅವನು ನನಗೆ ಹೇಳುವುದಿಲ್ಲ. "ನೀರಿಲ್ಲ ಅಂದ್ಮೇಲೆ ನೀರಿನವಳು ಯಾಕೆ? ಮನೆಗೆ ಕಳ್ಸು. ನಾಳೇನೂ ಬರೋದು ಬೇಡ. ಅತಿಥಿಗಳ ಕಣ್ಣಿಗೆ ಈ ಅವತಾರ ಬೀಳೋದು ಬೇಡ."

ಗೊತ್ತಿಲ್ಲದೆ ಮಾಡಿದ್ದರೆ ಬೇರೆ ಮಾತು. ಅವನಿಗೆ ಗೊತ್ತಿತ್ತು. ಅವನ ಕೊರಳಲ್ಲಿ ಎರಡು ಗುಂಡು ಡಬ್ಬಿಗಳಿದ್ದ ರಬ್ಬರಿನ ಮಾಸ್ಕು ತೂಗುತ್ತಿತ್ತು. ನಮ್ಮವರಿಗೆ ಕೊಟ್ಟಿದ್ದು ಕಪಾಟು ಒರೆಸುವವರು ಹಾಕಿಕೊಳ್ಳುವ ಕಾಗದದ ಮಾಸ್ಕು. ಇನ್ನೂ ಒಂದಿದೆ. ಅವನ ಲ್ಯಾಪ್‌ಟಾಪು ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕೂತಿತ್ತು. ದೂಳು ಹೋದರೆ ಹಾಳಾಗುತ್ತದಂತೆ. ಪರದೆಯಿಂದ ಅಷ್ಟು ದೂರವಿದ್ದ ಲ್ಯಾಪ್‌ಟಾಪಿಗೆ ಚೀಲ ತೊಡಿಸಬೇಕೆಂದು ಹೊಳೆದ ತಲೆಗೆ ಪರದೆಯ ಒಳಗಿರುವ ಎದೆ ಹೊಳೆಯಲಿಲ್ಲ. ಥೂ.

ಅವನು ಅತ್ತ ಹೋದ ಮೇಲೆ ಮೈದುನನ ಪಕ್ಕಕ್ಕೆ ಹೋದೆ. ಅವನು ಒಣ ಬ್ಲೇಡು ಕೂರಿಸುತ್ತಿದ್ದ. ನನ್ನ ಮುಖ ನೋಡಲಿಲ್ಲ.

"ಬೇಡ ಕಣೋ," ಎಂದೆ.

"ಇದೊಂದ್ಸಲ ಅತ್ತಿಗೆ. ಹೋಗ್ಲಿ ಬಿಡಿ."

ಕಪಾಳಕ್ಕೆ ಬಿಡುವಷ್ಟು ಸಿಟ್ಟು ಬಂತು. "ನಿಮ್ಮಣ್ಣನೂ ಇದನ್ನೇ ಹೇಳ್ತಿದ್ರು. ಪ್ರತಿ ಸಲಾನೂ ಇದೊಂದ್ಸಲ ಅಂತಾನೇ ಹೇಳ್ತಿದ್ರು."

"ಮತ್ತೆ ಏನ್ ಮಾಡ್ಲಿ? ಆಗಲ್ಲ ಅಂದ್ರೆ ನಾಳೆ ಅಣ್ಣನ್ನ ಎಲ್ಲಿ ಮಲಗಿಸ್ತೀರಿ? ನನ್ನ ಹೆಂಡ್ತಿಗೆ ದಿನ ತುಂಬ್ತಾ ಬಂತು. ರೂಮ್ ಹೋದ್ರೆ ಎಲ್ಲರೂ ಬೀದಿಗೇ." ಬ್ಲೇಡಿನ ನಟ್ಟು ಬಿಗಿಸಿದ. "ನೀವು ಮನೆಗೆ ಹೋಗಿ ಅತ್ತಿಗೆ. ಸುಮ್ನೆ ನೋಡ್ತಾ ನಿಂತ್ಕೋಬೇಡಿ."

ನಾನು ಹೋಗಲಿಲ್ಲ. ಅವನು ಕಾಗದದ ಮಾಸ್ಕಿನ ದಾರ ಕಿವಿಗೆ ಸಿಕ್ಕಿಸಿಕೊಂಡ. ಅದು ಮೂಗು ಮುಚ್ಚಿದರೆ ಗದ್ದ ಬಿಡುತ್ತಿತ್ತು, ಗದ್ದ ಮುಚ್ಚಿದರೆ ಮೂಗು. ಪರದೆ ಸರಿಸಿ ಒಳಗೆ ಹೋದ. ಕೋಲೆಬಸವ ಹಿಂದಿನಿಂದ ಬಂದು ಸಂದಿಗೂ ಟೇಪು ಅಂಟಿಸಿದ. ಮನುಷ್ಯನನ್ನು ಒಳಗಿಟ್ಟು ಪಾರ್ಸೆಲ್ಲು ಕಟ್ಟಿದ ಹಾಗೆ.

ಗರಗಸ ಓಡಿತು. ಒಣ ಗರಗಸದ ಸದ್ದೇ ಬೇರೆ. ನೀರಿದ್ದರೆ ಅದು ಗೊಣಗುತ್ತದೆ. ನೀರಿಲ್ಲದಿದ್ದರೆ ಕಿರುಚುತ್ತದೆ. ಮೊದಲು ಅವನ ಕಾಲು ಕಾಣಿಸುತ್ತಿತ್ತು. ಆಮೇಲೆ ಸೊಂಟದವರೆಗೆ ಬಿಳಿ ಏರಿತು. ಆಮೇಲೆ ತಲೆಯೂ ಹೋಯಿತು. ಹಾಲಿನ ಪ್ಯಾಕೆಟ್ಟಿನೊಳಗೆ ಸಿಕ್ಕಿಬಿದ್ದ ನೊಣದಂತೆ ಒಂದು ನೆರಳು ಅಲ್ಲಾಡುತ್ತಿತ್ತು, ಅಷ್ಟೆ. ಹೊರಗೆ ಬಿಳಿ ಕಲ್ಲಿನ ಮೇಲೆ ಒಂದು ಚೂರು ದೂಳು ಬೀಳಲಿಲ್ಲ. ಇಸ್ತ್ರಿ ಬಗ್ಗಿ ಬೆರಳಿನಿಂದ ಕಲ್ಲು ಸವರಿ ನೋಡಿ, ಬೆರಳು ನೋಡಿ, ಸಮಾಧಾನಪಟ್ಟುಕೊಂಡ.

ಬ್ಲೇಡು ಕಾದು ಬಿಗಿದುಕೊಂಡಿತು. ಗರಗಸ ನಿಂತಿತು. ಟೇಪು ಹರಿದುಕೊಂಡು ಮೈದುನ ಹೊರಗೆ ಬಂದ. ರೆಪ್ಪೆ, ಹುಬ್ಬು, ಮೂಗಿನ ಹೊಳ್ಳೆಯ ಕೂದಲು, ಎಲ್ಲ ಬಿಳಿ. ಹುಡುಗನಾಗಿ ಒಳಗೆ ಹೋದವನು ಮುದುಕನಾಗಿ ಬಂದಿದ್ದ. ಬಗ್ಗಿ ಮಂಡಿಯ ಮೇಲೆ ಕೈ ಊರಿ ಕೆಮ್ಮಿದ.

ಆ ಕೆಮ್ಮು ನನಗೆ ಗೊತ್ತು. ಎದೆಯ ತಳದಿಂದ ಹೊರಟು ಗಂಟಲವರೆಗೆ ಬಂದು ಏನನ್ನೂ ತಾರದೆ ಹಿಂದಕ್ಕೆ ಹೋಗುವ ಕೆಮ್ಮು. ಇಷ್ಟು ವರ್ಷ ಅದರ ಪಕ್ಕದಲ್ಲೇ ಮಲಗಿದ್ದೇನೆ. ಅಣ್ಣನದು ಮುಗಿಯಿತು, ಈಗ ತಮ್ಮನದು ಶುರು ಎಂದು ಅನ್ನಿಸಿತು. ಹುಟ್ಟುವ ಕೂಸು ಅಪ್ಪನನ್ನು ನೋಡುವುದು ಹೀಗೆಯೇ, ದಿಂಬಿಗೆ ಒರಗಿ ಕೂತವನನ್ನು.

ಮೂಲೆಯಲ್ಲಿ ಹಿಂದಿನ ದಿನದ ಕೆಸರಿನ ಡ್ರಮ್ಮಿತ್ತು. ಮೇಲೆ ನೀರು ನಿಂತು ಕೆಳಗೆ ಗಟ್ಟಿ ಕೂತಿತ್ತು. ಮೊಣಕೈವರೆಗೆ ಕೈ ಇಳಿಸಿದೆ. ಬೆರಳ ಸಂದಿ ಚುರುಗುಟ್ಟಿತು. ಪರದೆ ಎತ್ತಿ ಒಳಗೆ ನುಗ್ಗಿ, ಸೀಮೆಸುಣ್ಣದ ಗೆರೆಯ ಮೇಲೆ, ಅವನು ಕೊರೆದಿದ್ದ ಗಾಯದ ಮುಂದೆ, ಕೈ ಒತ್ತಿದೆ.

ಗ್ಯಾಂಗೆಲ್ಲ ನಿಂತಲ್ಲೇ ನಿಂತಿತು. ಕೋಲೆಬಸವನ ಮುಖ ಬಿಳಿಚಿಕೊಂಡಿತು. ಅವನೂ ಒಂದು ಕಾಲದಲ್ಲಿ ಕೆಸರು ಹೊತ್ತವನೇ.

"ಏನಮ್ಮ, ಗೋಡೆ ಹಿಂದೆ ಏನಿದೆ? ಕೇಬಲ್ಲಾ?"

"ಗೋಡೆ ಹಿಂದೆ ಏನೂ ಇಲ್ಲ. ಗೋಡೆ ಮುಂದೆ ಮನುಷ್ಯ ಇದಾನೆ."

ಇಸ್ತ್ರಿ ಬಂದ. "ಏನಿದು ಗಲೀಜು?" ಎಂದ. ಕೋಲೆಬಸವ ಕೈ ಹೊಸೆಯುತ್ತ ಕೆಸರಿನ ಕೈಯ ಕಥೆ ಹೇಳಿದ. ಇಸ್ತ್ರಿಗೆ ನಗು ಬಂತು. ಮೂಗಿನಿಂದ ನಕ್ಕ. "ಯಾವ ಕಾಲದಲ್ಲಿದೀರ್ರೀ ನೀವೆಲ್ಲ? ಭೂತ ಓಡಿಸ್ತಾ ಇದೀರಾ? ಒರೆಸಾಕು."

ಕೋಲೆಬಸವ ನನ್ನ ಮುಖ ನೋಡಿದ, ಅವನ ಮುಖ ನೋಡಿದ. ತನ್ನ ತೋಳಿನಿಂದ ಒರೆಸಿದ. ಕೆಸರು ಹೋಗಲಿಲ್ಲ, ಹರಡಿತು. ಐದು ಬೆರಳು ಇನ್ನಷ್ಟು ಉದ್ದವಾದವು.

"ಆಯ್ತಲ್ಲ? ಶುರು ಮಾಡು," ಎಂದ ಇಸ್ತ್ರಿ.

ಮೈದುನನ ಕೈಯಲ್ಲಿ ಗರಗಸವಿತ್ತು. ನಾನು ಅವನನ್ನೇ ನೋಡುತ್ತಿದ್ದೆ. ಹೇಳಿ ಮಾಡಿಸುವುದರಲ್ಲಿ ಏನು ಬಂತು. ಅವನು ಗೋಡೆ ನೋಡಿದ. ಗಂಟಲು ಸರಿಮಾಡಿಕೊಂಡ.

"ಒರೆಸಿದ್ದು ಅತ್ತಿಗೆ ಅಲ್ಲ ಸಾರ್."

"ಏನು?"

"ಒತ್ತಿದವ್ರೇ ಒರೆಸ್ಬೇಕು ಸಾರ್. ಒರೆಸಿಲ್ಲ ಅಂದ್ರೆ ಓಡಿಸೋ ಹಾಗಿಲ್ಲ." ಗರಗಸವನ್ನು ನೆಲಕ್ಕಿಟ್ಟ. ಇಟ್ಟಿದ್ದು ಬಿಳಿ ಕಲ್ಲಿನ ಮೇಲೆಯೇ. ಇಸ್ತ್ರಿಯ ಕಣ್ಣು ಮೊದಲು ಹೋದದ್ದು ಕಲ್ಲಿಗೆ ಗೀರು ಬಿತ್ತೇ ಎಂದು.

ಇವರಿಲ್ಲದಿದ್ದರೆ ಇನ್ನೊಂದು ಗ್ಯಾಂಗು ಎಂದು ಆಚೆ ಸುರಂಗದವರನ್ನು ಕರೆಸಿದ. ಆ ಗ್ಯಾಂಗಿನ ಹಿರಿಯನನ್ನು ನಾವು ಕರೆಯುವುದು ಮೊಂಡ ಎಂದು. ಒಂದು ಪೈಪಿನ ವಿಷಯಕ್ಕೆ ಜಗಳವಾಗಿ ಅವನಿಗೂ ನಮಗೂ ಮಾತಿಲ್ಲ. ಎದುರು ಸಿಕ್ಕರೆ ಇಬ್ಬರೂ ಚಾವಣಿ ನೋಡುತ್ತೇವೆ. ಇವನು ಖಂಡಿತ ಕತ್ತರಿಸುತ್ತಾನೆ, ನಮ್ಮ ಹೊಟ್ಟೆ ಉರಿಸಲಿಕ್ಕಾದರೂ ಕತ್ತರಿಸುತ್ತಾನೆ ಎಂದುಕೊಂಡೆ. ಅವನು ಪರದೆ ಎತ್ತಿ ಇಣುಕಿದ. ಕೈ ನೋಡಿದ.

"ಯಾರದ್ದು?"

"ನಂದು," ಎಂದೆ.

"ಒರೆಸ್ತೀಯಾ?"

"ನೀರು ಬಂದ್ರೆ ಒರೆಸ್ತೀನಿ."

ವಾಲ್ವಿನ ಬೀಗ ನೋಡಿದ. ಮೈದುನನ ಬಿಳಿ ಮುಖ ನೋಡಿದ. "ನಡೀರೋ, ಊಟ ಮಾಡೋಣ," ಎಂದು ತನ್ನವರನ್ನು ಕರೆದುಕೊಂಡು ಹೋದ. ಹೋಗುವಾಗಲೂ ನನ್ನ ಮುಖ ನೋಡಲಿಲ್ಲ. ಜಗಳ ಜಗಳವೇ.

ಈಗ ಇಸ್ತ್ರಿ ನೇರ ನನ್ನ ಹತ್ತಿರ ಬಂದ. ಮೊದಲ ಸಲ ನನ್ನ ಜೊತೆ ಮಾತಾಡಿದ. "ನಿನ್ನ ಗಂಡ ಯಾರ ರೂಮಲ್ಲಿ ಮಲಗಿದಾನೆ ಗೊತ್ತಾ?"

"ಗೊತ್ತು ಸಾರ್."

"ಯಾರ ಸಿಲಿಂಡರಲ್ಲಿ ಉಸಿರಾಡ್ತಿದಾನೆ ಗೊತ್ತಾ?"

"ಅದೂ ಗೊತ್ತು. ಯಾರ ಗೋಡೆ ಕತ್ತರಿಸಿ ಸಿಲಿಂಡರಿಗೆ ಬಂದ್ರು ಅಂತಾನೂ ಗೊತ್ತು." ಪರದೆಯನ್ನು ಎತ್ತಿ ಹಿಡಿದೆ. ಒಳಗೆ ದೂಳು ಇನ್ನೂ ಇಳಿದಿರಲಿಲ್ಲ, ದೀಪದ ಬೆಳಕಿನಲ್ಲಿ ತೇಲುತ್ತಿತ್ತು. "ಒಂದು ಕೆಲಸ ಮಾಡಿ ಸಾರ್. ನೀವೂ ಒಳಗೆ ಬನ್ನಿ. ಗರಗಸ ಹಿಡಿಯೋದು ಬೇಡ, ಸುಮ್ನೆ ನಿಂತ್ಕೊಳ್ಳಿ. ನಮಗೆ ಕೊಟ್ಟ ಮಾಸ್ಕೇ ಹಾಕ್ಕೊಳ್ಳಿ. ಬಾಗಿಲು ಆಗೋವರೆಗೆ ನೀವು ಒಳಗಿದ್ರೆ ಈಗಲೇ ಒರೆಸ್ತೀನಿ."

ಅವನ ಕೈ ತಾನಾಗಿ ಕೊರಳಿನ ರಬ್ಬರ್ ಮಾಸ್ಕಿಗೆ ಹೋಯಿತು. ಒಂದು ಹೆಜ್ಜೆ ಹಿಂದೆ ಸರಿದ. "ನನ್ನ ಕೆಲಸ ಅದಲ್ಲ," ಎಂದ.

ಅಷ್ಟು ಹೊತ್ತು ನನಗೆ ಅವನ ಮೇಲೆ ಸಿಟ್ಟಿತ್ತು. ಆಗ ಸಿಟ್ಟೂ ಹೋಯಿತು. ಚಪ್ಪಲಿಗೆ ಅಂಟಿದ್ದರ ಮೇಲೆ ಯಾರಾದರೂ ಸಿಟ್ಟು ಮಾಡುತ್ತಾರೆಯೇ, ಉಜ್ಜಿ ಹೋಗುತ್ತಾರೆ.

ಕೋಲೆಬಸವ ಅವನ ಕಿವಿಯಲ್ಲಿ ಏನೋ ಹೇಳಿದ. ನನಗೆ ಕೇಳಿಸಿತು. "ಇದನ್ನ ಶುರು ಮಾಡಿದ್ದೇ ಇವಳ ಗಂಡ ಸಾರ್. ಅವನ ಮಾತು ಇವರ್ಯಾರೂ ಮೀರಲ್ಲ. ಪಾಪದವನು ಸಾರ್, ಒಂದು ದಿನಾನೂ ಎದುರು ಮಾತಾಡಿದವನಲ್ಲ."

ನಿಜವೇ ಹೇಳಿದ್ದ.

ಇಸ್ತ್ರಿ ಹೇಳಿ ಕಳಿಸಿದ, ನನ್ನ ಗಂಡನನ್ನು ಸುರಂಗಕ್ಕೇ ಕರೆದುಕೊಂಡು ಬಂದರು. ಸಾಮಾನು ಸಾಗಿಸುವ ಟ್ರಾಲಿಯಲ್ಲಿ ಸಿಮೆಂಟಿನ ಚೀಲ ಮಡಿಸಿ ಹಾಕಿ ಕೂರಿಸಿದ್ದರು. ಹೊದಿಕೆ ಹೊದ್ದಿದ್ದರು. ಸಿಲಿಂಡರನ್ನು ಮಗುವಿನಂತೆ ತೊಡೆಯ ಮೇಲೆ ತಬ್ಬಿಕೊಂಡಿದ್ದರು. ಮೂಗಿನಲ್ಲಿ ಕೊಳವೆ. ರೂಮಿನ ಮೆಟ್ಟಿಲು ಇಳಿಯಲಾಗದೆ ಅವರು ಬಿಸಿಲು ಕಂಡು ಬಹಳ ದಿನವಾಗಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಒಂದು ಗಾಡಿ ಕೊಡಿ ಎಂದು ನಾನು ಬೇಡಿದಾಗ ಗಾಡಿಯೆಲ್ಲ ಕೆಲಸದಲ್ಲಿವೆ ಎಂದಿದ್ದರು. ಈಗ ನೋಡಿ, ಕರೆಯಲು ಮನುಷ್ಯನೂ ಬಂದ, ಟ್ರಾಲಿಯೂ ಬಂತು, ತಳ್ಳುವುದಕ್ಕೆ ಆಳುಗಳೂ ಬಂದರು.

ಇಸ್ತ್ರಿಯ ದನಿ ಸಕ್ಕರೆಯಾಯಿತು. "ನೋಡಪ್ಪ, ನೀನು ಹಳೇ ಮನುಷ್ಯ, ತಿಳಿದವನು. ನಿನ್ನ ಹೆಂಡ್ತಿಗೆ ಸ್ವಲ್ಪ ಬುದ್ಧಿ ಹೇಳು. ರೂಮ್ ಕೊಟ್ಟಿದೀವಿ, ಸಿಲಿಂಡರ್ ಕೊಟ್ಟಿದೀವಿ. ಇದೊಂದ್ಸಲ ಸಹಕಾರ ಕೊಡಿ."

ಇದೊಂದ್ಸಲ. ನನ್ನ ಗಂಡನ ತಲೆ ಆ ಮಾತಿಗೆ ಮೇಲೆದ್ದಿತು.

ಗೋಡೆಯ ಮೇಲೆ ಉದ್ದುದ್ದವಾಗಿ ಹರಡಿದ್ದ ನನ್ನ ಕೈ ನೋಡಿದರು. ಬೀಗ ಹಾಕಿದ ವಾಲ್ವು ನೋಡಿದರು. ಆಮೇಲೆ ತಮ್ಮನನ್ನು ಹತ್ತಿರ ಕರೆದರು. ಮೈದುನ ಟ್ರಾಲಿಯ ಪಕ್ಕ ಮಂಡಿಯೂರಿದ. ಇವರು ಹೆಬ್ಬೆರಳಿನಿಂದ ಅವನ ಹುಬ್ಬು ಒರೆಸಿದರು. ಬೆರಳಿಗೆ ಹತ್ತಿದ ಬಿಳಿಯನ್ನು ದೀಪಕ್ಕೆ ಹಿಡಿದು ನೋಡಿದರು. ಅಷ್ಟರಲ್ಲಿ ಮೈದುನನಿಗೆ ಮತ್ತೆ ಕೆಮ್ಮು ಬಂತು. ಅದೇ ಕೆಮ್ಮು. ಅಣ್ಣ ಕಿವಿಗೊಟ್ಟು ಕೇಳಿದರು. ತನ್ನದೇ ದನಿ ಬೇರೆ ಬಾಯಲ್ಲಿ ಕೇಳಿದವರಂತೆ.

"ಡ್ರಮ್ಮು," ಎಂದರು. ಉಸಿರು ತೆಗೆದುಕೊಂಡರು. "ಎಲ್ಲಿ?"

ನಾನು ಡ್ರಮ್ಮನ್ನು ಟ್ರಾಲಿಯ ಹತ್ತಿರಕ್ಕೆ ಎಳೆದು ತಂದೆ. ಕೈ ಅದ್ದಿದರು. ಎದ್ದು ನಿಂತರು. ಹಿಡಿಯಲು ಹೋದ ತಮ್ಮನನ್ನು ಹಿಡಿಯಗೊಡಲಿಲ್ಲ. ಸಿಲಿಂಡರಿನ ಕೊಳವೆ ಎಳೆದಷ್ಟು ದೂರ ನಡೆದರು. ನನ್ನ ಕೈಯ ಪಕ್ಕದಲ್ಲಿ ತಮ್ಮ ಕೈ ಒತ್ತಿ, ಹಾಗೇ ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತರು.

"ನಂದೂ... ಇರ್ಲಿ."

ಹೇಳಿ ಮುಗಿಸಲು ನಾನು ಬಿಟ್ಟೆ.

ಇಸ್ತ್ರಿ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಫೋನು ತೆಗೆದ. ಸುರಂಗದೊಳಗೆ ಫೋನು ಸಿಗುವುದಿಲ್ಲ. ಲಿಫ್ಟಿನವರೆಗೆ ಹೋಗಬೇಕು. ಆತುರದಲ್ಲಿ ಹಲಗೆ ಹಾಸುವವನನ್ನು ಕರೆಯುವುದು ಮರೆತು ಕೆಸರಿಗೇ ಕಾಲಿಟ್ಟು ಹೋದ. ಬಹಳ ಹೊತ್ತಾದ ಮೇಲೆ ಬಂದ. ಮೇಲಿನವರು ಅವನ ಬೆವರಿಳಿಸಿದ್ದು ಮುಖದ ಮೇಲೇ ಕಾಣುತ್ತಿತ್ತು. ನಾಳೆ ಬಾಗಿಲು ಇಲ್ಲದಿದ್ದರೆ ಅವನೂ ಇಲ್ಲ ಎಂದಿರಬೇಕು. ಅವನ ಮೇಲೂ ಒಬ್ಬ ಇಸ್ತ್ರಿ ಇರುತ್ತಾನಲ್ಲ.

"ಬೀಗ ತೆಗಿ," ಎಂದ ಕೋಲೆಬಸವನಿಗೆ. ಭಿಕ್ಷೆ ಹಾಕುವವರ ದನಿಯಲ್ಲಿ. "ನೀರು ಕೊಡು. ಕಲ್ಲಿನ ಮೇಲೆ ಹಳೇ ಟಾರ್ಪಾಲು ಹಾಸಿ."

ಟಾರ್ಪಾಲು ಅಲ್ಲೇ ಮೂಲೆಯಲ್ಲಿ ಸುತ್ತಿಟ್ಟಿತ್ತು. ಬೆಳಿಗ್ಗೆಯಿಂದಲೂ ಅಲ್ಲೇ ಇತ್ತು. ಬೆಳಿಗ್ಗೆಯೇ ಹಾಸಬಹುದಿತ್ತು. ಆದರೆ ಟಾರ್ಪಾಲನ್ನು ಆಮೇಲೆ ತೊಳೆಯಬೇಕು. ಶ್ವಾಸಕೋಶವನ್ನಾದರೆ ತೊಳೆಯುವ ಗೋಜಿಲ್ಲ.

ಸರಪಳಿ ಬಿಚ್ಚಿದರು. ನನ್ನ ಕೈಯಲ್ಲಿ ಪೈಪು ಒದರಿಕೊಂಡು ಎಚ್ಚರಾಯಿತು. ಪ್ಲಾಸ್ಟಿಕ್ಕಿನ ಪರದೆಯನ್ನು ಮೈದುನ ಒಂದೇ ಎಳೆತಕ್ಕೆ ಕಿತ್ತೆಸೆದ. ನಾನು ಗೋಡೆಗೆ ನೀರು ಬಿಟ್ಟು, ಅಂಗೈಯಿಂದ ಉಜ್ಜಿ ಉಜ್ಜಿ ನನ್ನ ಕೈ ಒರೆಸಿದೆ. ಒಂದು ಬೆರಳೂ ಉಳಿಯದ ಹಾಗೆ. ಮೈದುನ ಒಣ ಬ್ಲೇಡು ತೆಗೆದು ನಮ್ಮ ಹಳೇ ಬ್ಲೇಡು ಕೂರಿಸಿಕೊಂಡು ನಿಂತ.

ಗೋಡೆಯ ಮೇಲೆ ನನ್ನ ಗಂಡನ ಕೈ ಇತ್ತು. ಒಣಗಿ ಕಚ್ಚಿಕೊಂಡಿತ್ತು.

ಎಲ್ಲರೂ ಟ್ರಾಲಿಯ ಕಡೆ ತಿರುಗಿದರು. ಅವರು ಮತ್ತೆ ಅದರಲ್ಲಿ ಕೂತು, ಕಣ್ಣು ಮುಚ್ಚಿ, ಬಾಯಿ ತೆರೆದು, ಉಸಿರು ಕೂಡಿಸಿಕೊಳ್ಳುತ್ತಿದ್ದರು. ಅಷ್ಟು ನಡೆದು ಬಂದದ್ದಕ್ಕೆ ಎದೆ ತಿದಿಯಂತೆ ಏಳುತ್ತಿತ್ತು. ಕೋಲೆಬಸವ ಒದ್ದೆ ಬಟ್ಟೆ ಹಿಡಿದು ಗೋಡೆಯ ಕಡೆ ಹೆಜ್ಜೆ ಇಟ್ಟ. ಊಟ ಮುಗಿಸಿ ಬಂದಿದ್ದ ಮೊಂಡ ಸುಮ್ಮನೆ ಅವನ ಮುಂದೆ ಬಂದು ನಿಂತ. ಕೋಲೆಬಸವ ಬಟ್ಟೆಯನ್ನು ಹಿಂಡಿಕೊಂಡು ಹಿಂದೆ ಹೋದ.

ಇಸ್ತ್ರಿ ಗಡಿಯಾರ ನೋಡಿಕೊಂಡ. ಗೋಡೆ ನೋಡಿದ. ಟ್ರಾಲಿಯ ಹತ್ತಿರ ಬಂದು ಬಗ್ಗಿದ. "ಸ್ವಲ್ಪ ಬೇಗ ಒರೆಸಿಬಿಡಿ ಯಜಮಾನ್ರೇ. ಟೈಮ್ ಇಲ್ಲ."

ರೂಮು ನಾಳೆ ಹೋಗುತ್ತದೆ ಎಂದು ನನಗೆ ಗೊತ್ತು. ಅತಿಥಿಗಳು ಮೇಲೆ ಹತ್ತಿದ ಕೂಡಲೇ ನಮ್ಮ ಪಾತ್ರೆ ಪಡಗ ಹೊರಗೆ ಬೀಳುತ್ತವೆ. ನನ್ನ ಗಂಡನಿಗೂ ಗೊತ್ತಿತ್ತು. ಅವರು ಕಣ್ಣು ತೆರೆಯಲಿಲ್ಲ. ಕೆಸರು ಒಣಗುತ್ತಿದ್ದ ಕೈಯ ಒಂದು ಬೆರಳು ಎತ್ತಿದರು.

"ಇರಿ ಸಾರ್," ಎಂದರು. ಒಂದು ಉಸಿರು ಒಳಗೆ ಹೋಯಿತು, ಹೊರಗೆ ಬಂತು. "ಉಸಿರು... ಬರ್ಲಿ."

ಗರಗಸ ನಿಂತಿತ್ತು. ಪಂಪು ನಿಂತಿತ್ತು. ಇಡೀ ಸುರಂಗದಲ್ಲಿ ಆ ಎದೆಯ ಸದ್ದೊಂದೇ ಕೇಳುತ್ತಿತ್ತು. ನಾನು ಪೈಪಿನ ಬಾಯಿ ಕೆಳಗೆ ಮಾಡಿ ನಿಂತಿದ್ದೆ. ಗೋಡೆ ತೊಳೆದ ಕೆಸರು ಟಾರ್ಪಾಲಿನ ಅಂಚಿಗೆ ಬಂದು ಇಸ್ತ್ರಿಯ ಬೂಟು ಮುಟ್ಟಿತು. ಅವನು ಕಾಲು ತೆಗೆಯಲಿಲ್ಲ. ನನ್ನ ಗಂಡನಿಗೆ ಉಸಿರು ಬರುವವರೆಗೆ ಅಲ್ಲೇ ಬಗ್ಗಿ ನಿಂತಿದ್ದ.